ಒಬ್ಬ ಮಗ, ಇಬ್ಬರು ಅಪ್ಪಂದಿರು: ಸವದತ್ತಿ ಸೀಮೆಯ ಒಂದು ವಂಶಾವಳಿ ಪ್ರಕರಣ

ಮನೆತನ ಸವದತ್ತಿ ತಾಲೂಕಿನದು. ಎರೆಹೊಲದಲ್ಲಿ ಜೋಳ, ಕಡಲೆ, ಹತ್ತಿ ಬೆಳೆಯುವ ಒಕ್ಕಲು ಮಂದಿ. ಜಮೀನು ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇತ್ತು. ವಾರಸಾ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು ಎಂದು ಎರಡು ಮನೆಯವರು ಕೂಡಿ ಒಂದು ಹಾಳೆ ಬರೆದಿದ್ದರು. ಮೇಲೆ ಹಿರಿಯಜ್ಜ. ಕೆಳಗೆ ಅವನ ಇಬ್ಬರು ಗಂಡುಮಕ್ಕಳು. ಹಿರೇಮಗನ ಸಂತತಿಯೇ ಇಂದಿನ ಹಿರೇಮನೆ, ಕಿರೇಮಗನದು ಕಿರೇಮನೆ. ಹಾಳೆಯ ತುಂಬ ಗಂಡಸರ ಹೆಸರು. ಒಬ್ಬ ಹೆಂಗಸಿನ ಹೆಸರೂ ಇಲ್ಲ.

ಕಿರೇಮನೆಯ ಮಾಸ್ತರರು ಅದನ್ನು ಸೋಮವಾರ ಧಾರವಾಡಕ್ಕೆ ತಂದು ನನ್ನ ಮುಂದಿಟ್ಟರು. ಮನೆತನಗಳ ವಂಶಾವಳಿ ಹುಡುಕಿ ಬರೆಯುವುದು ನನ್ನ ಕೆಲಸ. ಜೊತೆಗೆ 1926ರ ಒಂದು ಖರೀದಿ ಪತ್ರ. ಕಿರೇಮಗ ತನ್ನ ಹೊಲದ ಒಂದು ಪಟ್ಟಿ ಮಾರಿದ ಕಾಗದ ಅದು. ನಮ್ಮ ಮುಂಬೈ ಕರ್ನಾಟಕದ ಕಾಗದಗಳಲ್ಲಿ ಮೊದಲು ಮನುಷ್ಯನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು ಬರುತ್ತದೆ. ಈ ಪತ್ರದಲ್ಲಿ ನಡುವಿನ ಹೆಸರು ಹಿರಿಯಜ್ಜನದಲ್ಲ, ಮನೆಯಲ್ಲಿ ಯಾರೂ ಕೇಳದ ಇನ್ನೊಬ್ಬನದು.

"ಕಾರಕೂನ ತಪ್ಪು ಬರದಾನ್ರಿ. ಇಬ್ರೂ ಒಡಹುಟ್ಟಿದವ್ರು ಅನ್ನೋದು ಊರಿಗೇ ಗೊತ್ತೈತಿ" ಎಂದರು ಮಾಸ್ತರರು. ಹಾಳೆ ಸರಿ ಎಂದು ನಾನು ಹೇಳಿದರೆ ಅಫಿಡವಿಟ್ ಮಾಡಿಸಿ ನಾಡಕಚೇರಿಗೆ ಕೊಡುವ ತಯಾರಿಯಲ್ಲಿದ್ದರು.

ನಾನು ಹೇಳಲಿಲ್ಲ. ಕಾರಕೂನ ತಪ್ಪು ಬರೆಯುವುದುಂಟು. ಆದರೆ ತಪ್ಪು ಬರೆಯುವವನು ಅಕ್ಷರ ಬಿಡುತ್ತಾನೆ, ಅಣ್ಣನ ಹೆಸರಿಗೆ ತಮ್ಮನ ಹೆಸರು ಬರೆಯುತ್ತಾನೆ, ಅಜ್ಜ ಮೊಮ್ಮಗನಿಗೆ ಒಂದೇ ಹೆಸರಿದ್ದಾಗ ಇಬ್ಬರನ್ನೂ ಒಬ್ಬನನ್ನಾಗಿ ಮಾಡುತ್ತಾನೆ. ಮನೆತನದಲ್ಲಿ ಇಲ್ಲವೇ ಇಲ್ಲದ ಒಬ್ಬನನ್ನು ಹುಟ್ಟಿಸುವುದು ಅಪರೂಪ. ಆ ಹೆಸರಿನವನು ಒಬ್ಬನಿದ್ದ ಎಂದು ಹಿಡಿದುಕೊಂಡೇ ಹುಡುಕಬೇಕೆಂದು ತೀರ್ಮಾನಿಸಿದೆ. ವಂಶವೃಕ್ಷದ ಅರ್ಜಿಯಲ್ಲಿ ಮನೆಯವರು ಪ್ರಮಾಣ ಮಾಡಿ ಹೇಳಿದ್ದೇ ಬುನಾದಿ. ಗ್ರಾಮ ಆಡಳಿತ ಅಧಿಕಾರಿ ಊರಲ್ಲಿ ವಿಚಾರಿಸಿದರೂ ಊರಿನ ನೆನಪು ಮೂರು ತಲೆಮಾರು ದಾಟುವುದು ಕಷ್ಟ. ಹಾಗಾಗಿ ಅಫಿಡವಿಟ್ಟಿಗೆ ಮೊದಲೇ ಹುಡುಕುವುದು ಒಳ್ಳೆಯದು.

ಆ ವಾರ ಕೈಯಲ್ಲಿದ್ದ ಕೆಲಸ ಇದೊಂದೇ ಅಲ್ಲ. ಸುಗ್ಗಿ ಮುಗಿದು ಮದುವೆಯ ಹಂಗಾಮು ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಫೋನು ಬೆಳಗಿನಿಂದಲೇ ಶುರು. ಎರಡೂ ಮನೆಯ ಬೆಡಗು ಒಂದೇ ಆಗುತ್ತದೋ ಏನೋ ನೋಡಿ ಹೇಳ್ರಿ, ನಾಡಿದ್ದು ನಿಶ್ಚಯ ಎಂದು ಬೈಲಹೊಂಗಲ ಕಡೆಯ ಒಬ್ಬರು. ಬೆಡಗು ಎಂದರೆ ಗೋತ್ರದ ಹಾಗೆ ಒಂದೇ ಮೂಲದ ಗುರುತು. ಅದು ಒಂದಾದರೆ ಅಣ್ಣ ತಂಗಿಯ ಲೆಕ್ಕ, ಸಂಬಂಧ ಮುರಿಯುತ್ತದೆ. ಇಂಥ ಕೆಲಸ ಮುಂದೂಡಲು ಬರುವುದಿಲ್ಲ. ಪುಣೆಯಲ್ಲಿ ನೆಲೆಸಿದ ಇನ್ನೊಂದು ಮನೆತನದ ಮೋಡಿ ಲಿಪಿಯ ಕಾಗದಗಳು ಮೇಜಿನ ಮೇಲೆ ಅರ್ಧ ಓದಿ ನಿಂತಿದ್ದವು. ಪೇಶ್ವೆಯರ ಕಾಲದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಈ ಭಾಗದ ಸರಕಾರಿ ಬರಹ ಬಹಳಷ್ಟು ಮರಾಠಿಯಲ್ಲಿ, ಮೋಡಿಯಲ್ಲಿದೆ. ಒಂದು ಹಾಳೆಗೆ ಒಂದು ಸಂಜೆ ಹೋಗುತ್ತದೆ. ಅವನ್ನು ಪಕ್ಕಕ್ಕಿಟ್ಟು ಮಂಗಳವಾರ ತಾಲೂಕು ಕಚೇರಿಯ ದಾಖಲೆ ಕೊಠಡಿಗೆ ಹೋದೆ.

ಅಲ್ಲಿ ಏನನ್ನು ಕೇಳಬೇಕೆಂದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಭೂಮಿ ತಂತ್ರಾಂಶದ ಪಹಣಿ ಹಿಂದಕ್ಕೆ ಹೋಗುವುದು 2000ದ ಆಸುಪಾಸಿನವರೆಗೆ. ಅದಕ್ಕಿಂತ ಹಿಂದಿನದು ಕೈಬರಹದ ಉತಾರ. ಇನ್ನೂ ಹಿಂದಕ್ಕೆ ಹೋದರೆ ಹಕ್ಕು ಬದಲಾವಣೆಯ ವಹಿ. ನಮ್ಮ ಕಡೆ ಎಲ್ಲರ ಬಾಯಲ್ಲಿ ಅದು ಡೈರಿ. ಮುಂಬೈ ಪ್ರಾಂತ್ಯದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಆ ನಂತರ ಊರೂರಿಗೆ ಡೈರಿ ತೆರೆದು ವಾರಸಾ, ವಾಟ್ನಿ (ಪಾಲು), ಖರೀದಿ, ಒತ್ತಿ ಎಲ್ಲವನ್ನೂ ನಂಬರು ಹಾಕಿ ಬರೆಯತೊಡಗಿದರು. ಮೈಸೂರು ಸೀಮೆಯಲ್ಲಿ ಕೆಲಸ ಮಾಡುವ ಗೆಳೆಯರಿಗೆ ಇಷ್ಟು ಹಳೆಯ ಸರಣಿ ಸುಲಭವಾಗಿ ಸಿಗುವುದಿಲ್ಲ. ನಮ್ಮ ಭಾಗಕ್ಕೆ ಇದು ದೊಡ್ಡ ಆಸ್ತಿ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಈಗ ತಾಲೂಕು ತಾಲೂಕಿಗೆ ಬಂದಿದೆ. ಹುಳ ತಿನ್ನುತ್ತಿದ್ದ ಕಾಗದಗಳನ್ನು ಕಂಡ ನನಗೆ ಅದು ಎಷ್ಟು ಬೇಗ ಮುಗಿದರೆ ಅಷ್ಟು ಸಮಾಧಾನ.

ಖರೀದಿ ಪತ್ರದಲ್ಲಿದ್ದ ಸರ್ವೆ ನಂಬರು ಹಿಡಿದು ಡೈರಿಯಲ್ಲಿ ಹಿಂದೆ ಹಿಂದೆ ಹೋದರೆ 1914ರ ಒಂದು ನಮೂದು ಸಿಕ್ಕಿತು. ಹೊಲ ಕಿರೇಮಗನ ಹೆಸರಿಗೆ ಬಂದದ್ದು ಹಿರಿಯಜ್ಜನಿಂದಲ್ಲ, ಒಬ್ಬ ಹೆಣ್ಣುಮಗಳಿಂದ. ಅವಳ ಹೆಸರು, ಆಮೇಲೆ "ಕೋಂ" (ಇಂಥವನ ಹೆಂಡತಿ ಎಂದು), ಆಮೇಲೆ ಖರೀದಿ ಪತ್ರದಲ್ಲಿದ್ದ ಆ ಅಪರಿಚಿತನ ಹೆಸರು. ಷರಾ ಒಂದೇ ಸಾಲು: ಸದರಿಯವಳು ಮೃತಳಾದ್ದರಿಂದ ವಾರಸಾ.

ಅಂದರೆ ಆ ಹೆಸರಿನವನೊಬ್ಬ ಇದ್ದ. ಅವನಿಗೊಬ್ಬ ಹೆಂಡತಿ ಇದ್ದಳು. ಗಂಡ ತೀರಿದ ಮೇಲೆ ಅವಳು ವರ್ಷಗಟ್ಟಲೆ ಆ ಹೊಲದ ಖಾತೆದಾರಳಾಗಿ, ಸರಕಾರಕ್ಕೆ ಕಂದಾಯ ಕಟ್ಟುತ್ತ ಬದುಕಿದ್ದಳು. ಮತ್ತು ಅವಳ ವಾರಸುದಾರ ಕಿರೇಮಗ. ಆದರೆ ಯಾವ ನಾತೆಯಿಂದ ವಾರಸುದಾರ ಎಂಬುದನ್ನು ಡೈರಿ ಹೇಳಲಿಲ್ಲ. ಮಗನೇ? ಮೈದುನನ ಮಗನೇ? ತಂಗಿಯ ಮಗನೇ? ಮೂರರಲ್ಲಿ ಯಾವುದಾದರೂ ಆ ಒಂದು ಶಬ್ದದೊಳಗೆ ಅಡಗುತ್ತದೆ.

ದತ್ತಕದ ವಾಸನೆ ನನಗೆ ಬಡಿದದ್ದು ಆಗಲೇ. ಉಪನೋಂದಣಿ ಕಚೇರಿಯಲ್ಲಿ ಮೂರನೆಯ ನಂಬರಿನ ಪುಸ್ತಕ ಎಂದು ಒಂದಿರುತ್ತದೆ. ಮರಣಪತ್ರಗಳನ್ನೂ, ದತ್ತಕ ತೆಗೆದುಕೊಳ್ಳಲು ಗಂಡ ಹೆಂಡತಿಗೆ ಕೊಟ್ಟ ಅಧಿಕಾರಪತ್ರಗಳನ್ನೂ ದಾಖಲಿಸುವ ಪುಸ್ತಕ. ಹುಡುಕಾಟದ ಶುಲ್ಕ ಕಟ್ಟಿ ಅದರ ಸೂಚಿ ನೋಡಿಸಿದೆ. ಏನೂ ಇರಲಿಲ್ಲ. ಇಲ್ಲಿಗೆ ಕೈಬಿಡುವವರು ಬಹಳ. ಆದರೆ ಮುಂಬೈ ಪ್ರಾಂತ್ಯದಲ್ಲಿ ನಡೆದುಬಂದ ಹಿಂದೂ ಧರ್ಮಶಾಸ್ತ್ರದ ಪ್ರಕಾರ, ಅಣ್ಣತಮ್ಮಂದಿರಿಂದ ಬೇರೆಯಾಗಿ ಬಾಳಿದವನ ವಿಧವೆ ಗಂಡನ ಅಪ್ಪಣೆ ಇಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದಿತ್ತು. ಮದ್ರಾಸ್ ಕಡೆ ಹಾಗಿರಲಿಲ್ಲ. ಅಲ್ಲಿ ಗಂಡನ ಅಪ್ಪಣೆ, ಇಲ್ಲವಾದರೆ ಅವನ ಸಪಿಂಡರ, ಅಂದರೆ ಹತ್ತಿರದ ರಕ್ತಸಂಬಂಧಿಗಳ, ಒಪ್ಪಿಗೆ ಬೇಕು. ಕೊಡುವ ತೆಗೆದುಕೊಳ್ಳುವ ಶಾಸ್ತ್ರ ನಾಲ್ಕು ಮಂದಿಯ ಮುಂದೆ ಆದರೆ ಸಾಕು, ಕಾಗದ ಆಗಲೇಬೇಕೆಂಬ ನಿಯಮವಿರಲಿಲ್ಲ. ಹಾಗಾಗಿ ಬಳ್ಳಾರಿ ಸೀಮೆಯ ಪ್ರಕರಣವಾಗಿದ್ದರೆ ಈ ಖಾಲಿ ಸೂಚಿಯನ್ನು ನಾನು ಬೇರೆ ರೀತಿ ಓದುತ್ತಿದ್ದೆ. ಸವದತ್ತಿಯಲ್ಲಿ ಅದು ಹೌದನ್ನೂ ಹೇಳುವುದಿಲ್ಲ, ಅಲ್ಲವನ್ನೂ ಹೇಳುವುದಿಲ್ಲ.

(ದತ್ತಕವೆಂದರೆ ಈ ಸೀಮೆಗೆ ಬರೀ ಮನೆಯೊಳಗಿನ ಮಾತಲ್ಲ. ಕಿತ್ತೂರಿನಲ್ಲಿ 1824ರಲ್ಲಿ ದತ್ತು ಮಗನನ್ನು ಕಂಪನಿ ಸರಕಾರ ಒಪ್ಪದೆ ಹೋದದ್ದಕ್ಕೇ ಚೆನ್ನಮ್ಮ ಕತ್ತಿ ಹಿಡಿದದ್ದು; ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಆ ಯುದ್ಧದಲ್ಲೇ. ನರಗುಂದದ ಬಾಬಾಸಾಹೇಬನ 1858ರ ಬಂಡಾಯದ ಹಿಂದೆಯೂ ದತ್ತಕಕ್ಕೆ ಅಪ್ಪಣೆ ಸಿಗದ ಸಿಟ್ಟಿತ್ತು. ದೊಡ್ಡವರ ದತ್ತಕ ಇತಿಹಾಸದ ಪುಸ್ತಕಕ್ಕೆ ಹೋಯಿತು. ಒಕ್ಕಲಿಗರ ಮನೆಯ ದತ್ತಕ ಎಲ್ಲಿಗೂ ಹೋಗಲಿಲ್ಲ.)

ಎಲ್ಲಿಗೂ ಹೋಗಲಿಲ್ಲ ಎಂದೆ, ಒಂದು ಕಡೆ ಬಿಟ್ಟು. ಅದು ಹೆಳವರ ಹೊತ್ತಿಗೆ.

ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಬೆಳೆದವರಿಗೆ ಹೆಳವರನ್ನು ಪರಿಚಯಿಸಬೇಕಿಲ್ಲ. ಸಿಂಗರಿಸಿದ ಎತ್ತಿನ ಮೇಲೆ ಕಾಲು ಮಡಚಿ, ಕಂಬಳಿ ಹೊದ್ದು ಕೂತು, ಗಂಟೆ ಬಾರಿಸುತ್ತ ಬಂದು ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ವಂಶ ಹೇಳುವವರು. ಯಾವ ಊರು ಯಾವ ಹೆಳವರ ಮನೆಗೆ ಎಂಬುದು ತಲೆತಲಾಂತರದ ಹಂಚಿಕೆ; ಅಣ್ಣತಮ್ಮಂದಿರು ಬೇರೆಯಾದರೆ ಊರುಗಳನ್ನೂ ಪಾಲು ಮಾಡಿಕೊಳ್ಳುತ್ತಾರೆ. ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ಹುಟ್ಟಿದವರನ್ನು, ಸತ್ತವರನ್ನು, ಹೆಣ್ಣು ಕೊಟ್ಟ ಮನೆ, ಹೆಣ್ಣು ತಂದ ಮನೆ ಎಲ್ಲ ಕೇಳಿ ಬರೆದುಕೊಂಡು ಜೋಳ, ಬಟ್ಟೆ, ಕಾಣಿಕೆ ತೆಗೆದುಕೊಂಡು ಮುಂದಿನ ಊರಿಗೆ. ಈಗ ಎತ್ತಿನ ಜಾಗಕ್ಕೆ ಹಲವರಲ್ಲಿ ಮೋಟರ್‌ಸೈಕಲ್ಲು, ಟೆಂಪೋ ಬಂದಿವೆ. ಹೊತ್ತಿಗೆ ಮಾತ್ರ ಅದೇ.

ಈ ಮನೆತನದ ಹೆಳವರು ಯಾರೆಂದು ಮಾಸ್ತರರಿಗೆ ತಿಳಿದಿರಲಿಲ್ಲ. ಹಿರೇಮನೆಯ ಕಾಕಾಗೆ ತಿಳಿದಿತ್ತು. ಬುಧವಾರವೆಲ್ಲ ಅವರ ಬಿಡಾರ ಎಲ್ಲಿದೆ ಎಂದು ಫೋನಿನ ಮೇಲೆ ಫೋನು ಮಾಡಿ, ಗುರುವಾರ ರಾಮದುರ್ಗದ ಹತ್ತಿರದ ಊರೊಂದರಲ್ಲಿ ಹಿಡಿದೆ. ಹೊತ್ತಿಗೆ ಓದಿದ ಹಿರಿಯರು ಸಿರಿಗಂಟಲಿನವರು. ಮೊದಲು ನನ್ನನ್ನು ಬಾಯಿ ಮುಚ್ಚಿ ಕೂರಿಸಿದರು.

"ನೀವು ಹುಡುಕೂದು ಹೇಳಬ್ಯಾಡ್ರಿ. ಹೇಳಿದ್ರ ನನ್ನ ಬಾಯಾಗೂ ಅದೇ ಬರ್ತೈತಿ. ನಾ ಮೂಲದಿಂದ ಹೇಳ್ಕೋತ ಬರ್ತೀನಿ, ನಿಮಗ ಬೇಕಾದ್ದು ನೀವು ಹಿಡೀರಿ."

ಸಾಕ್ಷಿ ಕೇಳುವ ರೀತಿಯನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಬಾಯಿಪಾಠ ಮುಗಿದ ಮೇಲೆ ಹೊತ್ತಿಗೆ ಬಿಚ್ಚಿದರು. ಹಿರಿಯಜ್ಜನ ಪಕ್ಕದಲ್ಲೇ ಅವನ ತಮ್ಮ ಇದ್ದ. ಹೆಸರು ಡೈರಿಯಲ್ಲಿದ್ದದ್ದೇ. ಹೆಂಡತಿಯ ಹೆಸರು ಅದೇ. ಅವಳ ತವರೂರು, ತವರಿನ ಬೆಡಗು ಕೂಡ ಇತ್ತು.

ಹೊತ್ತಿಗೆಯಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುವುದರಿಂದ, ಸಂವತ್ಸರ ಕಂಡ ಕೂಡಲೇ ಇಸವಿ ಬರೆದುಕೊಳ್ಳುವುದು ಈ ಕೆಲಸದಲ್ಲಿ ದೊಡ್ಡ ಅಪಾಯ. ಇಲ್ಲಿ ಇದ್ದದ್ದು ಹೀಗೆ: ದುರ್ಮುಖಿಯಲ್ಲಿ ಬಂದಾಗ ತಮ್ಮ, ತಮ್ಮನ ಹೆಂಡತಿ ಇಬ್ಬರೂ ಇದ್ದಾರೆ, ಮಕ್ಕಳಿಲ್ಲ. ಅಣ್ಣನಿಂದ ಬೇರೆಯಾಗಿದ್ದಾರೆ. ಪ್ಲವದಲ್ಲಿ ಬಂದಾಗ ತಮ್ಮ ಇಲ್ಲ. ವಿಳಂಬಿಯ ಬೇನೆಯಲ್ಲಿ ತೀರಿದ. ಹೆಂಡತಿ ಭಾವನ ಕಿರಿಯ ಮಗನನ್ನು ಉಡಿಯಲ್ಲಿ ಹಾಕಿಕೊಂಡಿದ್ದಾಳೆ.

ವಿಳಂಬಿ 1838ರಲ್ಲಿ, 1898ರಲ್ಲಿ, 1958ರಲ್ಲಿ ಬರುತ್ತದೆ. 1914ರಲ್ಲಿ ತೀರಿದ ವಿಧವೆಗೆ ಕೊನೆಯದು ಹೊಂದುವುದೇ ಇಲ್ಲ. ಮೊದಲನೆಯದಾದರೆ ಗಂಡ ಸತ್ತ ಮೇಲೆ ಅವಳು ಎಪ್ಪತ್ತೈದು ವರ್ಷ ಬದುಕಿರಬೇಕು, 1838ರ ಹೊತ್ತಿಗೆ ದತ್ತಕಕ್ಕೆ ಬಂದ ಹುಡುಗ 1926ರಲ್ಲಿ ಹೊಲ ಮಾರಿರಬೇಕು. ಉಳಿದದ್ದು 1898. ಅದು ಹುಬ್ಬಳ್ಳಿ, ಧಾರವಾಡ ಸೀಮೆಯಲ್ಲಿ ಪ್ಲೇಗು ಹಬ್ಬಿದ ವರ್ಷ. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಾಲ. "ಬೇನೆ" ಎಂದು ಹೊತ್ತಿಗೆ ಹೇಳಿದ್ದಕ್ಕೆ ಅದು ಸರಿಯಾಗಿ ಕೂಡುತ್ತದೆ. ದುರ್ಮುಖಿ 1896, ಪ್ಲವ 1901. ದತ್ತಕ ನಡೆದದ್ದು 1898ಕ್ಕೂ 1901-02ಕ್ಕೂ ನಡುವೆ. ಇಷ್ಟೇ ನಾನು ಬರೆದದ್ದು. ಮನೆಯವರಿಗೆ ಒಂದು ಇಸವಿ ಬೇಕಿತ್ತು. ಆಧಾರ ಕೊಡುವಷ್ಟನ್ನು ಮಾತ್ರ ಬರೆಯಬೇಕು.

ಹಾಗಾದರೆ ಊರಿನ ಮಾತೂ ನಿಜ, ಕಾರಕೂನ ಬರೆದದ್ದೂ ನಿಜ. ಹುಟ್ಟಿನಿಂದ ಇಬ್ಬರೂ ಅಣ್ಣತಮ್ಮಂದಿರು. ಕಾಗದದಲ್ಲಿ ಕಿರೇಮಗ ಚಿಕ್ಕಪ್ಪನ ಮಗ. ನಡುವೆ ನಿಂತವಳು ಆ ಅಜ್ಜಿ. ಅವಳನ್ನು ಬಿಟ್ಟದ್ದಕ್ಕೇ ಗಂಡಸರ ಸಾಲು ಕೂಡ ತಪ್ಪಾದದ್ದು. ಈ ಕೆಲಸದಲ್ಲಿ ನಾನು ಎಷ್ಟೋ ಮನೆಗಳಲ್ಲಿ ಕಂಡದ್ದು ಇದೇ: ಹೆಂಗಸರನ್ನು ಬರೆಯದ ವಂಶವೃಕ್ಷದಲ್ಲಿ ಗಂಡಸರ ನಾತೆಯೂ ಸರಿಯಾಗಿ ನಿಲ್ಲುವುದಿಲ್ಲ. ದತ್ತಕ, ಎರಡನೆಯ ಮದುವೆ, ಮನೆ ಅಳಿಯತನ, ತವರಿನ ಆಸರೆ ಹಿಡಿದು ಊರು ಬಿಟ್ಟದ್ದು ಎಲ್ಲವೂ ಹೆಂಗಸಿನ ಮೂಲಕವೇ ನಡೆಯುತ್ತವೆ.

ಹೊತ್ತಿಗೆಯ ಆ ಪುಟಗಳ ಫೋಟೋ ತೆಗೆಯಲು ಹಿರಿಯರು ಒಪ್ಪಿದರು, ಬೇರೆ ಮನೆತನದ ಸಾಲುಗಳನ್ನು ಮುಚ್ಚಿ. ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ಹೋಗಬಾರದು ಎಂಬುದು ಅವರ ಕಟ್ಟಳೆ. ಬಾಯಲ್ಲಿ ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡೆ. ಆದರೆ ತೂಕ ಇರುವುದು ಹಳೆಯ ಬರಹಕ್ಕೆ. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಮು, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮು, ರಕ್ತ, ಮದುವೆ, ದತ್ತಕದ ಸಂಬಂಧದ ಬಗ್ಗೆ ತೀರಿಹೋದವರ ಹೇಳಿಕೆಯನ್ನು ಒಪ್ಪುತ್ತದೆ. ಆದರೆ ಹೇಳಿದವನಿಗೆ ಆ ಸಂಬಂಧ ತಿಳಿಯುವ ವಿಶೇಷ ದಾರಿ ಇರಬೇಕು, ಹೇಳಿಕೆ ತಂಟೆ ಹುಟ್ಟುವ ಮೊದಲೇ ಆಗಿರಬೇಕು. ಪ್ಲವದಲ್ಲಿ ಬರೆದ ಹೆಳವರ ಅಜ್ಜನಿಗೆ ಈ ಎರಡೂ ಉಂಟು. ನಾಳೆ ಮಾತು ಕೋರ್ಟಿಗೆ ಹೋದರೆ ಕೇಳಿಬರುವುದು ಅವನ ಬರಹ; ಈ ಗುರುವಾರದ ಹೇಳಿಕೆಗೆ ಆ ಬಲವಿಲ್ಲ.

ಶುಕ್ರವಾರ ಬೆಡಗಿನ ಕೆಲಸಕ್ಕೆ ಹೋಯಿತು. ಬೇರೆ ಬೇರೆ ಬೆಡಗು, ನಿಶ್ಚಯ ಆಯಿತು.

ಶನಿವಾರ ಕಿರೇಮನೆಯ ಹಿರಿಯ ಮಗಳನ್ನು ಕಾಣಲು ಹೋದೆ. ಮಾಸ್ತರರಿಗೆ ಅತ್ತಿ, ನನಗೆ ಅಕ್ಕಾರು. ಮದುವೆಯಾಗಿ ದಶಕಗಳಾಗಿವೆ, ಹಾಳೆಯಲ್ಲಿ ಅವರ ಹೆಸರಿಲ್ಲ. "ಕೊಟ್ಟ ಹೆಣ್ಮಕ್ಕಳನ್ನ ಯಾಕ ಬರೀಬೇಕ್ರಿ?" ಎಂದು ಹಿರೇಮನೆಯ ಕಾಕಾ ಫೋನಿನಲ್ಲಿ ಕೇಳಿದ್ದರು. ಕೇಡು ಬಗೆದು ಕೇಳಿದ್ದಲ್ಲ, ಅವರಿಗೆ ಹಾಗೇ ರೂಢಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದಾಗ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಡಲಿಲ್ಲ. ಬಹಳ ಮನೆಗಳಲ್ಲಿ ಜನ ಇನ್ನೂ ಅಲ್ಲಿಗೇ ನಿಂತಿದ್ದಾರೆ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಬಂದು ಆ ಗೆರೆಯನ್ನು ಅಳಿಸಿತು. ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಪಾಲು ಎಷ್ಟು ಎಂಬುದು ವಕೀಲರ ಕೆಲಸ. ಹೆಸರು ಬರೆಯುವುದು ನನ್ನದು. ಪಾಲು ಬೇಡ ಎಂದು ಬರೆದುಕೊಡುವವರ ಹೆಸರೂ ಮೊದಲು ವೃಕ್ಷದಲ್ಲಿ ಇರಲೇಬೇಕು.

ಅಕ್ಕಾರಿಗೆ ಆ ಅಜ್ಜಿಯ ಹೆಸರು ಹೇಳಿದೆ. ಗೊತ್ತಿರಲಿಲ್ಲ. ತವರೂರು ಹೇಳಿದೆ. ಅದೂ ಗೊತ್ತಿರಲಿಲ್ಲ. ಆಮೇಲೆ ತಾವಾಗಿಯೇ ಹಿರಿಯರ ಹಬ್ಬದ ಮಾತು ತೆಗೆದರು. ಮಾನೌಮಿ ಅಮಾಸಿಗೆ ತವರಿನಲ್ಲಿ ಹಿರಿಯರಿಗೆ ಬಟ್ಟೆ ಇಡುವಾಗ ಒಂದು ಸೀರೆ ಹೆಚ್ಚಿಗೆ ಇಡುತ್ತಾರಂತೆ.

"ಯಾರಿಗಿದು ಅಂತ ನಮ್ಮವ್ವನ್ನ ಕೇಳಿದ್ದೆ. ಆಯಿಗೆ ಅಂದ್ಲು. ಯಾವ ಆಯಿ ಅಂದ್ರ ಆಕಿಗೂ ಗೊತ್ತಿಲ್ಲ. ಆಕಿ ಅತ್ತಿ ಇಡ್ತಿದ್ಲಂತ, ಆಕೀನೂ ಇಟ್ಲು. ಹಿರೇಮನ್ಯಾಗ ಹಂಗ ಇಡೂದಿಲ್ಲ್ರಿ, ನಮ್ಮಲ್ಲಷ್ಟ."

ಇದು ದಾಖಲೆಯಲ್ಲ. ನನ್ನ ವರದಿಯಲ್ಲಿ ಆಧಾರದ ಪಟ್ಟಿಗೆ ಹಾಕಲಿಲ್ಲ, ಟಿಪ್ಪಣಿಗೆ ಹಾಕಿದೆ. ಡೈರಿ, ಹೊತ್ತಿಗೆ ಎರಡೂ ಒಂದೇ ಮಾತು ಹೇಳಿದ ಮೇಲೆ ಇದನ್ನು ಸೇರಿಸುವ ಅಗತ್ಯವೂ ಇರಲಿಲ್ಲ. ಆದರೂ ಆ ಮನೆಯ ಸೊಸೆಯಂದಿರು ಹೆಸರು ಗೊತ್ತಿಲ್ಲದೆಯೂ ನೂರು ವರ್ಷ ಅವಳನ್ನು ಬಿಡಲಿಲ್ಲ ಎಂಬುದನ್ನು ಬರೆಯದೆ ಇರಲು ನನ್ನಿಂದಾಗಲಿಲ್ಲ.

ಭಾನುವಾರ ಎರಡೂ ಮನೆಯವರು ಕೂಡಿದರು. ಅಕ್ಕಾರನ್ನೂ ಕರೆಸಿದ್ದರು. ಹೊಸ ಹಾಳೆಯಲ್ಲಿ ಹಿರಿಯಜ್ಜ ಮತ್ತು ಅವನ ತಮ್ಮ ಒಂದೇ ಸಾಲಿನಲ್ಲಿ, ತಮ್ಮನ ಪಕ್ಕ ಅಜ್ಜಿ. ಕಿರೇಮಗನಿಗೆ ಎರಡು ಗೆರೆ: ಹುಟ್ಟಿದ ಮನೆಯಿಂದ ಚುಕ್ಕೆಗೆರೆ, ದತ್ತಕದ ಮನೆಯಿಂದ ಪೂರ್ಣಗೆರೆ. ಪ್ರತಿ ಹೆಸರಿನ ಕೆಳಗೆ ಅದು ಎಲ್ಲಿಂದ ಬಂತು ಎಂಬುದು.

ತೊಡಕು ಒಂದು ಉಳಿದಿತ್ತು, ಅದನ್ನು ಮುಚ್ಚಿಡಲಿಲ್ಲ. ದತ್ತಕ ಹೋದವನಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಪಾಲಿರುವುದಿಲ್ಲ. ಹೊಲಗಳೆಲ್ಲ ಹೇಗಿದ್ದರೂ ಹಾಗೇ ಹಂಚಿಹೋಗಿದ್ದವು, ಬಾವಿಯ ಹೊಲ ಒಂದನ್ನು ಬಿಟ್ಟು. ಅದು ಹಿರಿಯಜ್ಜನ ಹೆಸರಿನದು, ಎರಡೂ ಮನೆ ಮೊದಲಿನಿಂದ ಪಾಳಿಯಲ್ಲಿ ಉಳುತ್ತ ಬಂದದ್ದು. ಕಾಯ್ದೆಯಲ್ಲಿ ದ್ವ್ಯಾಮುಷ್ಯಾಯಣ ಎಂಬ ಇನ್ನೊಂದು ಬಗೆಯ ದತ್ತಕವಿತ್ತು. ಕೊಡುವವರೂ ತೆಗೆದುಕೊಳ್ಳುವವರೂ ಇವನು ಇಬ್ಬರಿಗೂ ಮಗ ಎಂದು ಕರಾರು ಮಾಡಿಕೊಂಡರೆ ಅವನಿಗೆ ಎರಡೂ ಮನೆಯ ಹಕ್ಕು. ಮುಂಬೈ ಕರ್ನಾಟಕದಲ್ಲಿ ಅಣ್ಣತಮ್ಮಂದಿರ ನಡುವೆ ಇದು ನಡೆಯುತ್ತಿತ್ತು. 1956ರ ದತ್ತಕ ಕಾಯ್ದೆ ಬಂದ ಮೇಲೆ ನಿಂತಿತು. ಬಾವಿಯ ಹೊಲದ ಪಾಳಿ ಅಂಥ ಕರಾರಿನ ಕುರುಹಾಗಿರಬಹುದು, ಬರೀ ಅಕ್ಕರೆಯೂ ಆಗಿರಬಹುದು. ಕರಾರನ್ನು ಹೇಳುವ ಒಂದು ಸಾಲೂ ನನಗೆ ಸಿಕ್ಕಿಲ್ಲ ಎಂದು ವರದಿಯಲ್ಲಿ ಬರೆದೆ.

ಕಾಕಾ ಹಾಳೆಯನ್ನು ಬಹಳ ಹೊತ್ತು ನೋಡಿದರು. ಬಾವಿಯ ಹೊಲದ ಮಾತು ವಕೀಲರನ್ನು ಕೇಳಿ ಆಮೇಲೆ ಆಡೋಣ ಎಂದರು. ಮಾಸ್ತರರೂ ಒಪ್ಪಿದರು. ಉಳಿದ ಹೊಲಗಳಿಗೆ ವಾರಸಾ ಅರ್ಜಿ ಬೇರೆಯಾಗಿ ಹೋಗಲಿ ಎಂದಾಯಿತು. ಅಫಿಡವಿಟ್ಟಿಗೆ ಹೆಣ್ಣುಮಕ್ಕಳ ಹೆಸರು ಸೇರಿಸಿ ಮತ್ತೆ ಬರೆಸಿದರು. ಅಕ್ಕಾರ ಹೆಸರಿನ ಕಾಗುಣಿತ ಆಧಾರ್ ಕಾರ್ಡಿನಲ್ಲಿ ಬೇರೆ ಇತ್ತು, ಅದನ್ನು ಸರಿಹೊಂದಿಸಲು ಇನ್ನೊಂದು ಕಾಗದ ಬೇಕಾಯಿತು. ಹಿರಿಯಜ್ಜನ ಅಪ್ಪ ಯಾರು, ಮೂಲ ಊರಿನಿಂದ ಇಲ್ಲಿಗೆ ಯಾಕೆ ಬಂದರು ಎಂಬುದು ಹೊತ್ತಿಗೆಯಲ್ಲಿ ಇದೆ, ಕಾಗದದಲ್ಲಿ ಇನ್ನೂ ಸಿಕ್ಕಿಲ್ಲ. ಅದಕ್ಕೆ ಮೊದಲ ಸರ್ವೆಯ ಕಾಗದ, ಅದಕ್ಕೂ ಹಿಂದಿನ ಮೋಡಿ ಬರಹ ನೋಡಬೇಕು. ಪುಣೆಯವರ ಕೆಲಸ ಮುಗಿದ ಕೂಡಲೇ ಅದಕ್ಕೆ ಕೈ ಹಾಕುತ್ತೇನೆ ಎಂದು ಮಾಸ್ತರರಿಗೆ ಹೇಳಿದ್ದೇನೆ.